ಕೀಬೋರ್ಡಿಗೂ ಒದಗುವ ಗಿಟಾರ್ ಪೆಡಲ್

ಮಾನ್ಯ ಸಂಪಾದಕರೇ,

ರಸಮಂಜರಿ ವೇದಿಕೆಗಳಲ್ಲಿ ಸಿಂಥಸೈಜರಿನ ನಾದ ತೆಳುವೆಂದು ಕೊರಗುವ ವಾದಕರು, ಹೊಸ ವಾದ್ಯಕ್ಕೆ ಹಣ ಸುರಿಯುವ ಮೊದಲು ಗಿಟಾರ್ ವಾದಕರ ಓವರ್‌ಡ್ರೈವ್ ಪೆಡಲನ್ನು (ನಾದವನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆ) ಒಮ್ಮೆ ಜೋಡಿಸಿ ನೋಡಬೇಕು. ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್‌ನ ಕೀಬೋರ್ಡ್ ವಾದಕ ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು ಮಾರ್ಷಲ್ ಆಂಪ್ಲಿಫೈಯರಿನ ಮೂಲಕ ಗರ್ಜಿಸುವಂತೆ ಮಾಡಿದ್ದೂ ಇದೇ ತತ್ತ್ವದಿಂದ: ಧ್ವನಿತರಂಗದ ತುದಿಗಳು ಮೊಂಡಾದಾಗ ಮೂಲಸ್ವರದೊಂದಿಗೆ ಹೊಸ ಹಾರ್ಮೋನಿಕ್‌ಗಳು (ಮೂಲಸ್ವರದ ಕಂಪನಸಂಖ್ಯೆಯ ಎರಡು, ಮೂರು ಪಟ್ಟಿನಂಥ ಮೇಲಿನ ಧ್ವನಿಗಳು) ಹುಟ್ಟಿ ನಾದ ದಪ್ಪವಾಗುತ್ತದೆ.

ಆದರೆ ಕೀಬೋರ್ಡಿನ ಸಿಗ್ನಲ್ ಗಿಟಾರಿನದಕ್ಕಿಂತ ಬಲವಾದುದರಿಂದ, ನಾನು ಕೀಬೋರ್ಡಿನ ವಾಲ್ಯೂಮನ್ನು ಕಾಲು ಭಾಗಕ್ಕೆ ಇಳಿಸಿ, ಪೆಡಲಿನ ಒರಟುತನವನ್ನು ಹೆಚ್ಚು-ಕಡಿಮೆ ಮಾಡುವ ಡ್ರೈವ್ ಗುಂಡಿಯನ್ನು ತೀರಾ ಕೆಳಗಿಟ್ಟು ಆರಂಭಿಸುತ್ತೇನೆ. ಮೊದಲ ದಿನ ಹಾಗೆ ಮಾಡದೆ ಕೇಳಿದ್ದು ಹರಿದ ಸ್ಪೀಕರಿನ ಸದ್ದನ್ನೇ. ನಾಲ್ಕು ಸ್ವರಗಳನ್ನು ಒಟ್ಟಿಗೆ, ಅಂದರೆ ಕಾರ್ಡ್ ಆಗಿ, ಒತ್ತಿದರೆ ಅವು ಪರಸ್ಪರ ಕಲಸಿ ರಾಡಿಯಾಗುತ್ತವೆ. ಬಿಡಿ ಸ್ವರ, ಅಥವಾ ತಂಬೂರಿಯಂತೆ ಷಡ್ಜ-ಪಂಚಮ ಮಾತ್ರ ಚೆನ್ನಾಗಿ ನಿಲ್ಲುತ್ತವೆ. ಟ್ಯೂಬ್ ಸ್ಕ್ರೀಮರ್ ಎಂಬ ಹೆಸರಾಂತ ಓವರ್‌ಡ್ರೈವ್‌ನ ಮಾದರಿಯ ಪೆಡಲುಗಳು ಮಂದ್ರವನ್ನು ಕತ್ತರಿಸುವುದರಿಂದ, ಬೇಸ್ ನುಡಿಸುವಾಗ ಮೂಲ ಧ್ವನಿಯನ್ನೂ ಮಿಕ್ಸರಿನ ಇನ್ನೊಂದು ಚಾನೆಲ್‌ಗೆ ಕೊಟ್ಟು ಎರಡನ್ನೂ ಬೆರೆಸಬೇಕಾಗುತ್ತದೆ.

– ಒಬ್ಬ ಕೀಬೋರ್ಡ್ ವಾದಕ, ಮೈಸೂರು