ಮಗಳಿಗೊಂದು ಪತ್ರ: ಕೈ ಸುಮ್ಮನಿರಬೇಕು

ಹಾಸನ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆ ಮೇಲೆ ಸಾರು ಉಕ್ಕುತ್ತಿತ್ತು, ಅಪ್ಪ ಬೇರೆ ಟಿವಿ ಜೋರಾಗಿ ಇಟ್ಟಿದ್ದರು. ಕನ್ಸಲ್ಟಿಂಗ್ ಕಡೆಗೆ ಬಾ, ಐದು ಜನರ ಟೀಮ್ ನೋಡಿಕೋ ಅಂತ ಕರೆದಿದ್ದಾರೆ. ನಿನಗೆ ಭಯ. "ಕೋಡ್ ಬಿಟ್ಟರೆ ನನಗೆ ಇನ್ನೇನು ಬರುತ್ತೆ ಅಮ್ಮ?" ಅಂದೆ.

1998ರ ಮಾತು ಹೇಳುತ್ತೇನೆ. ಇಲ್ಲೇ ಮಲೆನಾಡು ಇಂಜಿನಿಯರಿಂಗ್ ಕಾಲೇಜಲ್ಲಿ ಓದಿ, ಬೆಂಗಳೂರಿಗೆ ಹೋಗಿ ಎರಡು ವರ್ಷ ಆಗಿತ್ತು. ನೀನು ಹೊಟ್ಟೆಯಲ್ಲಿದ್ದೆ. ಎಲ್ಲರಿಗೂ ವೈಟುಕೆ ಕೆಲಸ, ಅಂದರೆ 2000ನೇ ಇಸವಿ ಬರೋ ಮುಂಚೆ ಹಳೇ ಪ್ರೋಗ್ರಾಂ ಸರಿಮಾಡೋದು. ಹಳೇ ಕೋಬಾಲ್ ಪ್ರೋಗ್ರಾಂಗಳಲ್ಲಿ ಜಾಗ ಉಳಿಸಲು ವರ್ಷಕ್ಕೆ ಎರಡೇ ಅಂಕಿ ಇಡುತ್ತಿದ್ದರು. 99 ಆದಮೇಲೆ 00 ಬಂದರೆ ಅದು 1900 ಅಂದುಕೊಳ್ಳುತ್ತಿತ್ತು ಕಂಪ್ಯೂಟರ್. ನಮಗೆ ಕೊಟ್ಟಿದ್ದ ಪರಿಹಾರ ಸುಲಭದ್ದು: 00ರಿಂದ 49ರವರೆಗೆ ಇದ್ದರೆ ಮುಂದೆ 20 ಸೇರಿಸು, 50ರಿಂದ 99 ಇದ್ದರೆ 19. ಮಾಹಿತಿ ಇರೋ ಫೈಲ್ ಮುಟ್ಟೋದೇ ಬೇಡ.

ಕ್ಲೈಂಟ್ ಪಿಂಚಣಿ ಕೊಡುವ ಕಂಪನಿ. ಟೆಸ್ಟ್ ಡೇಟಾದಲ್ಲಿ ಒಬ್ಬರ ಹುಟ್ಟಿದ ವರ್ಷ 23 ಅಂತಿತ್ತು. ನಮ್ಮ ಲೆಕ್ಕದಲ್ಲಿ ಅದು 2023! ಎಪ್ಪತ್ತೈದು ವರ್ಷದ ಅಜ್ಜ ಇನ್ನೂ ಹುಟ್ಟೇ ಇಲ್ಲ. ಅವನೂ ಹುಟ್ಟಿಲ್ಲ, ನೀನೂ ಹುಟ್ಟಿಲ್ಲ ಅಂತ ಒಬ್ಬಳೇ ನಕ್ಕಿದ್ದೆ. ಆಮೇಲೆ ಕ್ಲೈಂಟ್‌ಗೆ ಒಂದು ಮೇಲ್ ಹಾಕಿದೆ: "ನಿಮ್ಮ ಅತಿ ಹಿರಿಯ ಪಿಂಚಣಿದಾರರಿಗೆ ಎಷ್ಟು ವಯಸ್ಸು?" ನಮ್ಮ ಟೀಮ್ ಲೀಡ್ ರೇಗಿದ. ನಮ್ಮ ಕೆಲಸ ಕೋಡ್ ಬದಲಿಸೋದು, ಪ್ರಶ್ನೆ ಕೇಳೋದಲ್ಲ ಅಂದ. ಉತ್ತರ ಬಂತು, ತೊಂಬತ್ತು ದಾಟಿದವರಿದ್ದಾರಂತೆ. ಹುಟ್ಟಿದ ವರ್ಷವನ್ನಷ್ಟೇ ಎಲ್ಲ ಕಡೆ ನಾಲ್ಕು ಅಂಕಿಗೆ ಬದಲಾಯಿಸಿದೆವು. ಅದನ್ನೇ ಕನ್ಸಲ್ಟಿಂಗ್ ಅಂತಾರೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಕೋಡ್ ಓದೋಕೆ ಬರದಿದ್ದರೆ ಆ 23 ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಬಿಟ್ಟು ಹೋಗೋದು ಏನೂ ಇಲ್ಲ ಕಣೇ.

ನಿಮ್ಮಜ್ಜನ ಆಲೂಗಡ್ಡೆ ನೆನಪಿದೆಯಾ? ಜಲಂಧರಿನಿಂದ ಬಂದ ಬಿತ್ತನೆ ಗಡ್ಡೆ ತಂದು ಹಾಕುತ್ತಿದ್ದರು. ಒಂದು ವರ್ಷ ಎಲೆಯೆಲ್ಲ ಕಪ್ಪಾಯಿತು, ಅಂಗಮಾರಿ. ಅಂಗಡಿಯವನು ಎದ್ದು ಕೂಡ ನೋಡದೆ ಔಷಧಿ ಡಬ್ಬಿ ಕೊಟ್ಟ. ಇನ್ನೊಬ್ಬರು ಹೊಲಕ್ಕೇ ಬಂದರು. ಬದುವಿನ ಮೇಲೆ ಕೂತು ಯಾವಾಗ ಬಿತ್ತಿದ್ದು, ಗಡ್ಡೆ ಕೊಯ್ದು ಹಾಕಿದ್ರಾ, ಎಷ್ಟು ದಿನದಿಂದ ಮೋಡ ಅಂತೆಲ್ಲ ಕೇಳಿದರು. ಕೊನೆಗೆ, "ಜಡಿ ನಿಲ್ಲದಿದ್ದರೆ ಇನ್ನೆಷ್ಟು ಸಲ ಹೊಡೆಯೋಕೆ ದುಡ್ಡಿದೆ ಗೌಡ್ರೇ?" ಅಂದರು. ಅಜ್ಜ ಉತ್ತರಿಸೋಕೆ ಮುಂಚೆ ನನ್ನ ಮುಖ ನೋಡಿದ್ದು ನೆನಪಿದೆ. ಆ ಕೊನೇ ಪ್ರಶ್ನೆ ಕೇಳೋಕೆ ಕಲಿ.

ಟೀಮ್ ವಿಷಯ ಬೇರೆ. ಅದರಲ್ಲಿ ನಾನು ಚೆನ್ನಾಗಿ ಎಡವಿದ್ದೇನೆ.

ಲೀಡ್ ಆದ ಹೊಸದರಲ್ಲಿ ಒಂದು ರಾತ್ರಿ ಪ್ರೊಡಕ್ಷನ್‌ನಲ್ಲಿ ಜಾಬ್ ಬಿತ್ತು, ಅಂದರೆ ಕ್ಲೈಂಟ್ ನಿಜವಾಗಿ ಬಳಸುವ ಸಿಸ್ಟಮ್‌ನಲ್ಲಿ ಪ್ರೋಗ್ರಾಂ ಅರ್ಧಕ್ಕೇ ನಿಂತಿತು. ಟೀಮಿನ ಹುಡುಗ ತಡಕಾಡುತ್ತಿದ್ದ. ನೋಡಲಾರದೆ ಕೀಬೋರ್ಡ್ ಎಳೆದುಕೊಂಡೆ. ಹತ್ತು ನಿಮಿಷ, ಸರಿಹೋಯಿತು. ಎಲ್ಲರೂ ಹೊಗಳಿದರು. ಮುಂದಿನ ವಾರ ಮತ್ತೆ ಬಿತ್ತು. ಏನಾಯಿತು ಅಂತ ಕಂಪ್ಯೂಟರ್ ಬರೆದಿಡುವ ಲಾಗ್ ಕೂಡ ಅವನು ತೆಗೆದು ನೋಡಿರಲಿಲ್ಲ, ನೇರ ಮನೆಗೆ ಫೋನ್: "ಮೇಡಂ, ನೀವೇ ಬಂದರೆ ಬೇಗ ಆಗುತ್ತೆ." ನಿನಗೆ ಜ್ವರ ಇದ್ದ ರಾತ್ರಿ ಅದು. ಅವನ ಮೇಲೆ ಸಿಟ್ಟು ಬಂತು, ಆದರೆ ಕಲಿಸಿದ್ದು ನಾನೇ ಅಲ್ವಾ?

ಆಮೇಲಿಂದ ಅವನ ಹಿಂದೆ ಕೂತಾಗಲೆಲ್ಲ ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಸುಮ್ನೆ ಅಲ್ಲ, ಕೈಗೆ ಏನಾದರೂ ಬೇಕಲ್ಲ. ಕಾಫಿ ಆರಿಹೋಗುತ್ತಿತ್ತು. ನನಗೆ ಹತ್ತು ನಿಮಿಷದ್ದು ಅವನಿಗೆ ಐವತ್ತು ನಿಮಿಷ. ಆ ಐವತ್ತು ನಿಮಿಷ ಆ ಕಡೆಯಿಂದ ಕ್ಲೈಂಟ್ ಕೂಗಾಡುವುದು ಅವನ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸ ಆಯಿತು. ಕೋಡ್ ಬರೆಯೋದಕ್ಕಿಂತ ಜಾಸ್ತಿ ಸುಸ್ತು.

ಇನ್ನೆರಡು ಮಾತು, ಬೇಗ ಹೇಳಿಬಿಡುತ್ತೇನೆ. ಫಿಕ್ಸೆಡ್ ಪ್ರೈಸ್, ಅಂದರೆ ಮೊದಲೇ ಇಷ್ಟು ದುಡ್ಡು ಅಂತ ಮಾತಾಡಿಕೊಂಡ ಕೆಲಸವಾದರೆ ಏನು ಮಾಡುತ್ತೀರಿ ಅನ್ನುವುದರ ಜೊತೆಗೆ ಏನು ಮಾಡುವುದಿಲ್ಲ ಅಂತಲೂ ಬರೆದಿಡು. ಬಾಯಿಮಾತಲ್ಲಿ ಒಪ್ಪಿಕೊಂಡ "ಚಿಕ್ಕ ಬದಲಾವಣೆ"ಗಳೇ ಶನಿವಾರ, ಭಾನುವಾರ ತಿನ್ನುತ್ತವೆ. ಮತ್ತೆ, ಮೀಟಿಂಗಿನಲ್ಲಿ ಪ್ರಶ್ನೆ ನಿನ್ನದಾಗಿದ್ದರೂ ಉತ್ತರವನ್ನು ನಿನ್ನ ಪಕ್ಕದ ಹುಡುಗನ ಮುಖ ನೋಡಿ ಹೇಳುವವರು ಸಿಗುತ್ತಾರೆ. ನನ್ನ ಕಾಲದಲ್ಲೂ ಇದ್ದರು. ಆ ಹುಡುಗನಿಗೆ ಮೊದಲೇ ಹೇಳಿಟ್ಟಿರು, ಅಂಥ ಹೊತ್ತಲ್ಲಿ ಅವನು ತಲೆ ತಗ್ಗಿಸಿ ನೋಟ್ಸ್ ಬರೆಯುತ್ತಿರಲಿ. ಆಗ ಅವರು ನಿನ್ನನ್ನೇ ನೋಡಬೇಕಾಗುತ್ತೆ. ನಾನು ಹಾಗೇ ಮಾಡಿದ್ದು.

ಹಾಸನಾಂಬೆಯ ಬಾಗಿಲು ತೆಗೆದಾಗ ಬರುತ್ತೀಯಲ್ಲ, ನಿನ್ನ ಮೊದಲ ಪ್ರಪೋಸಲ್ ತಗೊಂಡು ಬಾ. ರೈಲಲ್ಲೇ ಬಾ, ಬಸ್ಸು ಆ ದಿನಗಳಲ್ಲಿ ವಿಪರೀತ ರಶ್. ಓದುತ್ತೇನೆ, ತಿದ್ದುವುದಿಲ್ಲ. ಪೆನ್ನು ಹುಡುಕುತ್ತಿರುವುದು ಕಂಡರೆ ಕೈಗೆ ಕಾಫಿ ಲೋಟ ಕೊಟ್ಟುಬಿಡು.

ನಿನ್ನ
ಅಮ್ಮ