ಪೌರಕಾರ್ಮಿಕರ ಆರೋಗ್ಯ ತಪಾಸಣೆ ಚೀಟಿಗೇ ನಿಲ್ಲದಿರಲಿ

ಮಾನ್ಯ ಸಂಪಾದಕರೆ,

ಪ್ರತಿವರ್ಷ ಸೆಪ್ಟೆಂಬರ್ 23ರಂದು ರಾಜ್ಯದಲ್ಲಿ ಪೌರಕಾರ್ಮಿಕರ ದಿನಾಚರಣೆ ನಡೆಯುತ್ತದೆ. ಆ ದಿನದ ಆಸುಪಾಸಿನಲ್ಲಿ ಸನ್ಮಾನ, ಆಟೋಟ, ಸಿಹಿಯೂಟಗಳ ಜೊತೆಗೆ ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸುವುದೂ ವಾಡಿಕೆ. ಶಿಬಿರ ಬೇಡವೆಂದು ನಾನು ಹೇಳುತ್ತಿಲ್ಲ. ಶಿಬಿರದಲ್ಲಿ ರೋಗ ಪತ್ತೆಯಾದ ಮರುದಿನದಿಂದ ಆ ಕಾರ್ಮಿಕರ ಹೊಣೆ ಯಾರದು ಎಂಬ ಪ್ರಶ್ನೆಗೆ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯೂ ನೆರೆಯ ಗದಗ, ಹಾವೇರಿಗಳ ನಗರಸಭೆಗಳೂ ತಮ್ಮ ಮುಂದಿನ ಆಯವ್ಯಯದಲ್ಲಿ ಉತ್ತರ ಕೊಡಬೇಕೆಂಬುದು ಈ ಪತ್ರದ ಕೋರಿಕೆ.

ಈ ಭಾಗದ ಸ್ಥಳೀಯ ಸಂಸ್ಥೆಯೊಂದರ ಲೆಕ್ಕ ಶಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ಅಲ್ಲಿ ಒಮ್ಮೆ ವೇತನದ ವಿಚಾರಕ್ಕೆ ಬಂದ ಹಿರಿಯ ಪೌರಕಾರ್ಮಿಕ ಮಹಿಳೆಯೊಬ್ಬರು ಗುರುತಿನ ಚೀಟಿ ತೆಗೆಯುವಾಗ ಅದರೊಂದಿಗೆ ಮಡಚಿಟ್ಟ ಶಿಬಿರದ ಚೀಟಿಯೂ ಹೊರಬಂತು. ರಕ್ತದೊತ್ತಡ 170/100 ಎಂದು ಬರೆದು, ಕೆಳಗೆ ‘ವೈದ್ಯರನ್ನು ಕಾಣಿ’ ಎಂದು ಷರಾ ಹಾಕಲಾಗಿತ್ತು. ತಿಂಗಳುಗಳೇ ಕಳೆದಿದ್ದವು. ಕೇಳಿದರೆ, “ಚೀಟಿ ಐತ್ರೀ ಸರ, ಹಾಜರಿ ಬಿಟ್ಟು ದವಾಖಾನಿಗೆ ಹೋಗೂದ ಹ್ಯಾಂಗ್ರಿ?” ಎಂದರು. ನಸುಕಿನಲ್ಲಿ ಹಾಜರಿ ಹಾಕಿ ಮಧ್ಯಾಹ್ನದವರೆಗೆ ಬೀದಿಯಲ್ಲಿರುವವರಿಗೆ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಳಗಿನ ಸರದಿ ಸಿಗುವುದಿಲ್ಲ. ಗುತ್ತಿಗೆಯಲ್ಲಿರುವವರಿಗಂತೂ ಒಂದು ದಿನದ ಗೈರುಹಾಜರಿ ಎಂದರೆ ಒಂದು ದಿನದ ಕೂಲಿಯೇ ಹೋದಂತೆ. 140/90 ದಾಟಿದರೇ ಅಧಿಕ ರಕ್ತದೊತ್ತಡ ಎನ್ನುತ್ತದೆ ವೈದ್ಯಶಾಸ್ತ್ರ. ಅದಕ್ಕೆ ಬೇಕಾದದ್ದು ನಿತ್ಯದ ಮಾತ್ರೆ ಮತ್ತು ತಿಂಗಳಿಗೊಮ್ಮೆಯ ನೋಟ. ವರ್ಷಕ್ಕೊಮ್ಮೆ ಅಳೆದು ಬಿಟ್ಟರೆ ಆಗುವ ಪ್ರಯೋಜನ ಅಷ್ಟಕ್ಕಷ್ಟೆ.

ಹುಬ್ಬಳ್ಳಿಯ ಮಟ್ಟಿಗೆ ಇದಕ್ಕೆ ಪರಿಹಾರ ದೂರವಿಲ್ಲ. ಚಿಟಗುಪ್ಪಿ ಆಸ್ಪತ್ರೆ ಪಾಲಿಕೆಯದೇ ಆಗಿದೆ. ಅಲ್ಲಿ ವಾರಕ್ಕೊಂದು ದಿನ ಮಧ್ಯಾಹ್ನದ ಬಳಿಕ ಪಾಲಿಕೆಯ ಖಾಯಂ, ನೇರ ಪಾವತಿ (ಗುತ್ತಿಗೆದಾರರ ನಡುವಿಲ್ಲದೆ ಪಾಲಿಕೆಯಿಂದಲೇ ವೇತನ ಪಡೆಯುವ) ಮತ್ತು ಗುತ್ತಿಗೆ ನೌಕರರೆಂಬ ಭೇದವಿಲ್ಲದೆ ಎಲ್ಲರನ್ನೂ ನೋಡುವ ವ್ಯವಸ್ಥೆಯಾಗಲಿ. ಧಾರವಾಡದವರಿಗೆ ಜಿಲ್ಲಾ ಆಸ್ಪತ್ರೆಯೊಂದಿಗೆ ಇಂಥದೇ ಏರ್ಪಾಡು ಮಾಡಿಕೊಳ್ಳಬಹುದು. ಅಲ್ಲಿ ಕಳೆದ ಸಮಯವನ್ನು ಕರ್ತವ್ಯವೆಂದೇ ಪರಿಗಣಿಸಬೇಕು. ಪ್ರತಿಯೊಬ್ಬರಿಗೂ ಒಂದು ಆರೋಗ್ಯ ಪುಸ್ತಿಕೆ ಕೊಟ್ಟು, ಶಿಬಿರದಲ್ಲಿ ತೊಂದರೆ ಕಂಡುಬಂದವರಲ್ಲಿ ಎಷ್ಟು ಮಂದಿ ಚಿಕಿತ್ಸೆಯಲ್ಲಿದ್ದಾರೆ ಎಂಬುದನ್ನು ಆಯಾ ವಲಯದ ಆರೋಗ್ಯ ನಿರೀಕ್ಷಕರು ತಿಂಗಳಿಗೊಮ್ಮೆ ವರದಿ ಮಾಡಬೇಕು. ಶಿಬಿರಕ್ಕೆ ಬಂದವರ ಸಂಖ್ಯೆಯನ್ನು ಪತ್ರಿಕಾ ಪ್ರಕಟಣೆಯಲ್ಲಿ ಹೇಳುವುದಕ್ಕಿಂತ ಈ ಲೆಕ್ಕ ಹೆಚ್ಚು ಉಪಯುಕ್ತ. ಲಸಿಕೆಯನ್ನೂ ಇಲ್ಲಿಯೇ ಕೊಡಬಹುದು. ಮನೆಯ ಕಸದಲ್ಲೇ ಸೂಜಿ, ಬ್ಲೇಡು, ಗಾಜಿನ ಚೂರು ಬೆರೆಸಿ ಕೊಡುವ ನಮ್ಮಂಥ ನಾಗರಿಕರಿರುವಾಗ ಹೆಪಟೈಟಿಸ್-ಬಿ ಲಸಿಕೆಯ ಮೂರು ಡೋಸುಗಳೂ ಹತ್ತು ವರ್ಷಕ್ಕೊಮ್ಮೆ ಧನುರ್ವಾಯು ಚುಚ್ಚುಮದ್ದೂ ಅವರಿಗೆ ತಪ್ಪಬಾರದು. ಗಟಾರ ಬಳಿಯುವವರಿಗೆ ಮಳೆಗಾಲದಲ್ಲಿ ಇಲಿ ಜ್ವರದ ಭಯವೂ ಇದೆ.

ಸುರಕ್ಷಾ ಸಾಮಗ್ರಿಯ ವಿಷಯದಲ್ಲಿ ಕಾನೂನಿಗೆ ಕೊರತೆಯಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸಮವಸ್ತ್ರ, ಹೊಳೆಯುವ ಜಾಕೆಟ್, ಕೈಗವಸು, ಮಳೆಯಂಗಿ, ತಕ್ಕ ಪಾದರಕ್ಷೆ, ಮಾಸ್ಕ್‌ಗಳನ್ನು ಹೆಸರಿಸಿಯೇ ಹೇಳಿದ್ದವು. ಕೊರತೆಯಿರುವುದು ಖರೀದಿಯ ರೀತಿಯಲ್ಲಿ. ನಾನು ಕಂಡ ಕಡತವೊಂದರಲ್ಲಿ ಅನುದಾನ ವಾಪಸು ಹೋದೀತೆಂಬ ಗಡಿಬಿಡಿಯಲ್ಲಿ ಮಾರ್ಚ್ ಕೊನೆಗೆ ಗಂಬೂಟು ಕೊಂಡಿದ್ದರು. ಎಲ್ಲವೂ ಒಂದೇ ಅಳತೆಯವು, ಅದೂ ಗಂಡಸರದು. ಬಳಸಬೇಕಾದವರಲ್ಲಿ ಹೆಚ್ಚಿನವರು ಹೆಂಗಸರು. ದಪ್ಪ ರಬ್ಬರಿನ ಕೈಗವಸಿನಲ್ಲಿ ಪೊರಕೆ ಹಿಡಿತಕ್ಕೆ ಬರುವುದಿಲ್ಲವೆಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೆಲಸ ಮಾಡುತ್ತಿದ್ದರು. ಮೇಲಧಿಕಾರಿಗಳು ಇದನ್ನು ‘ಕೊಟ್ಟರೂ ಹಾಕಿಕೊಳ್ಳುವುದಿಲ್ಲ’ ಎಂದು ಟಿಪ್ಪಣಿ ಬರೆದು ಮುಗಿಸಿದರು. ಖರೀದಿಗೆ ಮುನ್ನ ಅಳತೆ ತೆಗೆದುಕೊಳ್ಳಲು, ನಾಲ್ಕಾರು ಮಾದರಿಗಳನ್ನು ತೊಡಿಸಿ ನೋಡಲು ಹೆಚ್ಚಿನ ಹಣವೇನೂ ಬೇಕಿಲ್ಲ.

ಇನ್ನು ಕೆಲಸದ ಭಾರ. 700 ಜನಕ್ಕೊಬ್ಬ ಪೌರಕಾರ್ಮಿಕರು ಎಂಬುದು ರಾಜ್ಯದ ಮಾನದಂಡ. ತಲೆಗೆ ದಿನಕ್ಕೆ 400 ಗ್ರಾಂ ಕಸವೆಂದು ಹಿಡಿದರೂ ಒಬ್ಬರ ಪಾಲಿಗೆ 280 ಕಿಲೋ ಬರುತ್ತದೆ. ಜನಸಂಖ್ಯೆಯನ್ನು 2011ರ ಜನಗಣತಿಯಿಂದ ಲೆಕ್ಕ ಹಾಕಿದರೆ, ಅಂದಿನಿಂದ ಬೆಳೆದ ಬಡಾವಣೆಗಳ ಕಸ ಲೆಕ್ಕಕ್ಕಿಲ್ಲದೆ ಅದೇ ಬೆನ್ನುಗಳ ಮೇಲೆ ಬೀಳುತ್ತದೆ. ಸೊಂಟನೋವು, ಮಂಡಿನೋವುಗಳಿಗೆ ಮುಲಾಮು ಹಂಚುವ ಮೊದಲು ಖಾಲಿ ಹುದ್ದೆ ತುಂಬುವುದೇ ಮದ್ದು. ಜೊತೆಗೆ ಹಾಜರಿ ಹಾಕುವ ಸ್ಥಳಗಳಲ್ಲಿ ನೀರು, ಶೌಚಾಲಯ, ಬಟ್ಟೆ ಬದಲಿಸಲೊಂದು ಕೋಣೆ ಇರಲೇಬೇಕು. ದುರ್ಗದಬೈಲಿನಂಥ ಗಿಜಿಗುಡುವ ಪೇಟೆಯಲ್ಲಿ ಬೆಳಗಿನ ಐದಾರು ತಾಸು ಕಸ ಗುಡಿಸುವ ಹೆಣ್ಣುಮಗಳು ಶೌಚಕ್ಕೆ ಎಲ್ಲಿ ಹೋಗಬೇಕು ಎಂಬುದನ್ನು ಯೋಜನೆ ಮಾಡುವವರು ಒಮ್ಮೆ ಯೋಚಿಸಲಿ. ನೀರು ಕುಡಿಯುವುದನ್ನೇ ಕಡಿಮೆ ಮಾಡಿ ಮೂತ್ರದ ಸೋಂಕು ತಂದುಕೊಳ್ಳುವವರು ಇಂಥ ಕೆಲಸದಲ್ಲಿ ಅನೇಕರು.

ಕಚೇರಿಯೊಳಗಿನವರನ್ನೂ ಮರೆಯುವಂತಿಲ್ಲ. ಆಸ್ತಿ ತೆರಿಗೆಗೆ ಶೇ 5ರ ರಿಯಾಯಿತಿ ಇರುವ ಏಪ್ರಿಲ್‌ನಲ್ಲಿ ಕರ ವಸೂಲಿಗಾರರೂ ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರುಗಳೂ ಜನರ ಬೈಗುಳದ ನಡುವೆಯೇ ಊಟದ ಹೊತ್ತು ಮರೆಯುತ್ತಾರೆ. ಮನಸ್ಸಿನ ಒತ್ತಡಕ್ಕೆ ಟೆಲಿ-ಮಾನಸ್‌ನ 14416 ಉಚಿತ ಸಹಾಯವಾಣಿ ಇದೆ, ಧಾರವಾಡದಲ್ಲೇ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಇದೆ. ಅದರ ವೈದ್ಯರು ಆಗಾಗ ವಲಯ ಕಚೇರಿಗಳಿಗೆ ಬಂದು ಮಾತನಾಡುವಂತೆ ಪಾಲಿಕೆ ಕೇಳಿಕೊಳ್ಳಬಹುದು.

ಇವೆಲ್ಲಕ್ಕೂ ಸೇರಿ ಆಯವ್ಯಯದಲ್ಲಿ ‘ನೌಕರರ ಆರೋಗ್ಯ’ ಎಂಬ ಪ್ರತ್ಯೇಕ ಲೆಕ್ಕಶೀರ್ಷಿಕೆ ಬೇಕು. ಇತರೆ ವೆಚ್ಚದಲ್ಲಿ ಸೇರಿಹೋದ ಹಣ ಶಾಮಿಯಾನಕ್ಕೂ ಹಾರ-ತುರಾಯಿಗೂ ಖರ್ಚಾಗುವುದನ್ನು ಲೆಕ್ಕ ಶಾಖೆಯಲ್ಲಿದ್ದವರು ಬಲ್ಲರು. ಆ ಶೀರ್ಷಿಕೆಗೆ ಒಬ್ಬ ಅಧಿಕಾರಿಯನ್ನು ಹೊಣೆ ಮಾಡಿ, ಖರ್ಚಿನ ಮತ್ತು ಚಿಕಿತ್ಸೆಯ ವಿವರವನ್ನು ಮೂರು ತಿಂಗಳಿಗೊಮ್ಮೆ ಸಾಮಾನ್ಯ ಸಭೆಯ ಮುಂದಿಡುವಂತೆ ಪಾಲಿಕೆಯ 82 ವಾರ್ಡುಗಳ ಪ್ರತಿನಿಧಿಗಳು ಒತ್ತಾಯಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಲೆಕ್ಕ ಅಧೀಕ್ಷಕ, ಧಾರವಾಡ