ಮೊಟ್ಟೆಯಿಲ್ಲದ ಆರು ತಿಂಗಳು

ಬರ್ಮಿಂಗ್‌ಹ್ಯಾಮ್,
ನವೆಂಬರ್ 9

ಮಾತೃಶ್ರೀ ಅಮ್ಮನಿಗೆ ನಿನ್ನ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಅಪ್ಪಾಜಿಯವರಿಗೂ ನನ್ನ ನಮಸ್ಕಾರಗಳನ್ನು ತಿಳಿಸುವುದು. ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗಿಬಿಡುವುದರಿಂದ ಮಾವನವರ ಸಂಜೆಯ ನಡಿಗೆ ಮಧ್ಯಾಹ್ನಕ್ಕೆ ಬಂದಿದೆ ಎಂಬುದೊಂದನ್ನು ಬಿಟ್ಟರೆ ಹೊಸ ಸಮಾಚಾರವಿಲ್ಲ.

ಕಳೆದ ಭಾನುವಾರ ಫೋನಿನಲ್ಲಿ ನೀನು, ಬೀಗರು ಬಂದು ಐದು ತಿಂಗಳಾಯಿತು, ಸಿಹಿ ಏನೇನು ಮಾಡಿ ಬಡಿಸಿದೆ ಎಂದು ಕೇಳಿದಾಗ, ‘ಎಲ್ಲಾ ಮಾಡ್ತಿದೀನಮ್ಮ’ ಎಂದಷ್ಟೇ ಹೇಳಿ ಮಾತು ತೇಲಿಸಿದೆ. ಅತ್ತೆಯವರು ಪಕ್ಕದಲ್ಲೇ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ಅವರ ಎದುರಿಗೆ ಹೇಳಬಾರದ ಮಾತೇನೂ ಇರಲಿಲ್ಲ, ಆದರೆ ಹೇಳಹೊರಟರೆ ಅರ್ಧ ಗಂಟೆ ಹಿಡಿಯುತ್ತಿತ್ತು. ಮೇಲಾಗಿ ಅಳತೆಗಳನ್ನು ಬರೆದೇ ಕಳಿಸು, ನನ್ನ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತೇನೆ ಎಂದು ನೀನೇ ಹೇಳಿದ್ದೆಯಲ್ಲ, ಆದ್ದರಿಂದ ಈ ಕಾಗದ.

ಅವರು ಬಂದ ಮೂರನೆಯ ದಿನವೇ ಮಗಳ ಹುಟ್ಟುಹಬ್ಬವಿತ್ತು. ಮಕ್ಕಳಿಗೆಂದು ಇಲ್ಲಿಯ ವಿಕ್ಟೋರಿಯಾ ಸ್ಪಂಜ್ ಎಂಬ ಕೇಕನ್ನೂ ಅತ್ತೆ-ಮಾವನವರಿಗೆಂದು ಮೊಟ್ಟೆಯಿಲ್ಲದ ಮತ್ತೊಂದನ್ನೂ ಮಾಡಿಟ್ಟು, ಎರಡರ ಮಧ್ಯೆ ನೀರಿನ ಜಗ್ಗು ಇಟ್ಟು ಗಡಿ ಹಾಕಿದ್ದೆ. ಅತ್ತೆಯವರು ತಮ್ಮ ತಟ್ಟೆಯ ತುಂಡನ್ನು ಮುಟ್ಟದೆ, ಎರಡನ್ನೂ ಒಂದೇ ಓವನ್ನಿನಲ್ಲಿ ಬೇಯಿಸಿದೆಯಾ, ಒಂದೇ ಪಾತ್ರೆಯಲ್ಲಿ ಕಲಸಿದೆಯಾ ಎಂದು ಬಹಳ ಮೆಲ್ಲಗೆ ಕೇಳಿದರು. ಲಿಂಗಪೂಜೆಯಾಗದೆ ನೀರು ಮುಟ್ಟದವರಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಹೌದು ಎಂದೆ. ಅವರು ಸಿಟ್ಟಾಗಲಿಲ್ಲ, ಹೊಟ್ಟೆ ತುಂಬಿದೆ ಎಂದು ತಟ್ಟೆಯನ್ನು ಸರಿಸಿದರು. ಮರುದಿನವೇ ಹೊಸ ಟಿನ್ನು, ಹೊಸ ಬಟ್ಟಲು ಕೊಂಡು, ಓವನ್ನನ್ನು ಅಡಿಗೆ ಸೋಡದಿಂದ ತಿಕ್ಕಿ ತೊಳೆದು, ಅವರು ಊರಿಗೆ ಹೊರಡುವವರೆಗೂ ಮನೆಯಲ್ಲಿ ಮೊಟ್ಟೆ ಒಡೆಯುವುದಿಲ್ಲ ಎಂದು ಸಾರಿಬಿಟ್ಟೆ. ಮಗನ ಮುಖ ಸಣ್ಣದಾಯಿತು. ಗೆಳೆಯರ ಮನೆಯಲ್ಲಿ ಬೇಕಾದ್ದು ತಿನ್ನು, ಇಲ್ಲಿ ಬೇಡ ಎಂಬ ಒಪ್ಪಂದವಾಯಿತು.

ಇಷ್ಟಾಗಿಯೂ ಅಂದಿನ ಆ ಮೊಟ್ಟೆಯಿಲ್ಲದ ಕೇಕು ಮುಟ್ಟುವಂತಿರಲಿಲ್ಲ ಎಂಬುದನ್ನು ನಿನ್ನೊಬ್ಬಳಿಗೇ ಹೇಳುತ್ತಿದ್ದೇನೆ. ಒಂದು ಮೊಟ್ಟೆಗೆ ಬದಲಾಗಿ ಒಂದು ದೊಡ್ಡ ಚಮಚ ಅಗಸೆ ಪುಡಿಯನ್ನು ಮೂರು ಚಮಚ ನೀರಿನಲ್ಲಿ ನೆನೆಸಿ ಹಾಕಿದರಾಯಿತು ಎಂದು ಓದಿದ್ದೆ. ನಮ್ಮ ಅಗಸೆ ಚಟ್ನಿಯ ಅಗಸೆಯೇ ತಾನೆ ಎಂಬ ಸಲಿಗೆಯಿಂದ, ನಾಲ್ಕು ಮೊಟ್ಟೆ ಬೇಡುವ ಕೇಕಿಗೆ ನಾಲ್ಕರಷ್ಟು ಅಗಸೆಯ ಲೋಳೆಯನ್ನು ಸುರಿದೆ. ಬಾಣಂತಿಗೆ ಕೊಡುವ ಅಂಟಿನುಂಡೆಯೇ ಅದಕ್ಕಿಂತ ಹಗುರ. ಆಮೇಲೆ ತಿಳಿದದ್ದೇನೆಂದರೆ, ವಿಕ್ಟೋರಿಯಾ ಸ್ಪಂಜಿನಲ್ಲಿ ಮೊಟ್ಟೆ, ಬೆಣ್ಣೆ, ಸಕ್ಕರೆ, ಹಿಟ್ಟು ನಾಲ್ಕೂ ಸಮತೂಕ. ಹಿಟ್ಟನ್ನು ಹಿಡಿದಿಡುವುದು, ಕಡೆದ ಗಾಳಿಯನ್ನು ಒಳಗೇ ಸೆರೆಹಿಡಿದು ಕಾವಿಗೆ ಗಟ್ಟಿಯಾಗಿ ನಿಲ್ಲುವುದು, ಪಸೆ ಕೊಡುವುದು, ಬಣ್ಣ ಕೊಡುವುದು ಎಲ್ಲವೂ ಅಲ್ಲಿ ಮೊಟ್ಟೆಯದೇ ಕೆಲಸ. ಅಗಸೆ ಹಿಡಿದಿಡುತ್ತದೆ, ಅಷ್ಟೆ; ಎತ್ತಲಾರದು. ಒಂದೇ ಮೊಟ್ಟೆ ಬೇಡುವ ಬಿಸ್ಕತ್ತಿಗೆ ಅದು ಸಾಕು, ಸ್ಪಂಜಿಗೆ ಸಾಲದು. ಮೊಟ್ಟೆಯ ತಿನಿಸಿನಿಂದ ಮೊಟ್ಟೆಯನ್ನು ಕಿತ್ತು ಬದಲಿ ಕೂರಿಸುವುದಕ್ಕಿಂತ, ಹುಟ್ಟಿನಿಂದಲೇ ಮೊಟ್ಟೆಯಿಲ್ಲದ ತಿನಿಸನ್ನು ಹುಡುಕಿ ಮಾಡುವುದೇ ಮೇಲು ಎಂಬುದು ಹೀಗೆ ತಲೆಗೆ ಹೊಕ್ಕಿತು.

ಹುಡುಕಲು ದೂರ ಹೋಗಬೇಕಾಗಲಿಲ್ಲ. ನಾನು ಏಳನೆಯ ತರಗತಿಯಲ್ಲಿದ್ದಾಗ ನೀನು ಕುಕ್ಕರಿನ ಗ್ಯಾಸ್ಕೆಟ್ಟು, ವೆಯ್ಟು ತೆಗೆದಿಟ್ಟು, ತಳಕ್ಕೆ ಹರಿಹರದ ಹೊಳೆಯಿಂದ ತಂದು ಜರಡಿ ಹಿಡಿದ ಮರಳು ಹಾಸಿ, ಅದರ ಮೇಲೆ ಅಲ್ಯೂಮಿನಿಯಂ ಡಬ್ಬಿಯಿಟ್ಟು ಮಾಡುತ್ತಿದ್ದ ಮೊಸರಿನ ಕೇಕೇ ಈಗ ಇಲ್ಲಿ ನಡೆಯುತ್ತಿದೆ. ನಿನ್ನದು ಕಣ್ಣಳತೆ, ನನ್ನದು ತಕ್ಕಡಿ. ಒಂದು ಬಟ್ಟಲು ಅಂದರೆ ಸುಮಾರು 250 ಗ್ರಾಂ ಗಟ್ಟಿ ಮೊಸರಿಗೆ 150 ಗ್ರಾಂ ಸಕ್ಕರೆ ಹಾಕಿ ಕರಗುವವರೆಗೆ ಕಲಸಿ, ಅರ್ಧ ಚಹಾ ಚಮಚ ಅಡಿಗೆ ಸೋಡ, ಒಂದೂಕಾಲು ಚಹಾ ಚಮಚ ಬೇಕಿಂಗ್ ಪೌಡರ್ ಸೇರಿಸಿ ಐದು ನಿಮಿಷ ಬಿಡಬೇಕು. ಮೊಸರಿನ ಹುಳಿಯೂ ಸೋಡವೂ ಕೂಡಿ ನೊರೆಯೆದ್ದ ಮೇಲೆ 120 ಮಿಲಿ ವಾಸನೆಯಿಲ್ಲದ ಎಣ್ಣೆ, ಆಮೇಲೆ ಜರಡಿ ಹಿಡಿದ 190 ಗ್ರಾಂ ಮೈದಾ. ಮೈದಾ ಬಿದ್ದ ಮೇಲೆ ಹೆಚ್ಚು ಕಲಸಿದರೆ ರಬ್ಬರಾಗುತ್ತದೆ, ಗಂಟು ಹೋದರೆ ಸಾಕು. 180 ಡಿಗ್ರಿಯಲ್ಲಿ ಮೂವತ್ತೈದು ನಿಮಿಷ; ಅರ್ಧ ಗಂಟೆಗೆ ಮೊದಲು ಬಾಗಿಲು ತೆಗೆದರೆ ನಡುವೆ ಕುಸಿಯುತ್ತದೆ. ಇಲ್ಲಿಯ ಅಂಗಡಿಗಳಲ್ಲಿ ಬೇಕಿಂಗ್ ಪೌಡರ್ ಬೆರೆಸಿಯೇ ಮಾರುವ ಒಂದು ಬಗೆಯ ಮೈದಾ ಇದೆ. ಅದನ್ನು ನೋಡದೆ ಕೊಂಡು ಮೇಲೆ ಮತ್ತೂ ಪೌಡರ್ ಹಾಕಿ, ಉಬ್ಬಿ ಟಿನ್ನಿನಿಂದ ಹೊರಗೆ ಹರಿದು ಕೊನೆಗೆ ಹಪ್ಪಳದಂತಾದ ಒಂದು ಕೇಕಿನ ಕಥೆಯನ್ನು ನಿನ್ನ ಅಳಿಯ ಇಲ್ಲಿ ಬಂದವರಿಗೆಲ್ಲ ಹೇಳುತ್ತಾರೆ.

ಮೊಟ್ಟೆಯ ಗಲಾಟೆ ಮುಗಿಯಿತು ಎನ್ನುವಷ್ಟರಲ್ಲಿ ಪರಿಮಳದ ಗಲಾಟೆ ಎದ್ದಿತು. ವೆನಿಲ್ಲಾ ಹಾಕಿದರೆ ಅತ್ತೆಯವರಿಗೆ ಆಸ್ಪತ್ರೆಯ ಟಾನಿಕ್ಕಿನ ವಾಸನೆ. ಏಲಕ್ಕಿ ಹಾಕಿದರೆ ಮಗಳಿಗೆ ಸೋಪಿನ ವಾಸನೆ. ಇಲ್ಲಿಯವರು ಸೇಬಿನೊಂದಿಗೆ ದಾಲ್ಚಿನ್ನಿ ಹಾಕುತ್ತಾರಲ್ಲ ಎಂದು ಅದನ್ನು ಉದುರಿಸಿದರೆ, ಪಲಾವಿನ ಚಕ್ಕೆಯನ್ನು ಸಿಹಿಗೆ ಯಾರಾದರೂ ಹಾಕುತ್ತಾರೆಯೇ ಎಂದು ಅತ್ತೆಯವರು ನಕ್ಕರು. ಇದಕ್ಕೆ ಪರಿಹಾರ ಸಿಕ್ಕಿದ್ದು ಜಾಜಿಕಾಯಿಯಲ್ಲಿ. ಇಂಗ್ಲಿಷರು ತಮ್ಮ ಕಸ್ಟರ್ಡ್ ಟಾರ್ಟಿನ ಮೇಲೆ ಉಜ್ಜುವುದೂ ಅದನ್ನೇ, ನೀನು ಹೋಳಿಗೆಯ ಹೂರಣಕ್ಕೆ ಚೂರು ತೇಯ್ದು ಹಾಕುವುದೂ ಅದನ್ನೇ. ಮಗಳಿಗೆ ಅದು ಸ್ಕೂಲಿನ ಪುಡ್ಡಿಂಗಿನ ವಾಸನೆ, ಅತ್ತೆಯವರಿಗೆ ಯುಗಾದಿಯ ವಾಸನೆ. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಒಂದೇ ಬಟ್ಟಲಿಗೆ ಕೈ ಹಾಕುವುದನ್ನು ನೋಡಿ ನಾನು ಅಡಿಗೆಮನೆಯಲ್ಲೇ ಒಂದು ಗಳಿಗೆ ಸುಮ್ಮನೆ ನಿಂತಿದ್ದೆ.

ಆ ಬಟ್ಟಲಿನಲ್ಲಿ ಇದ್ದದ್ದು ಆಪಲ್ ಕ್ರಂಬಲ್. ಬೇಕಿಂಗಿನಲ್ಲಿ ನನಗೆ ಈಗ ಇದರ ಮೇಲಿರುವಷ್ಟು ವಿಶ್ವಾಸ ಬೇರೆ ಯಾವುದರ ಮೇಲೂ ಇಲ್ಲ. ಇಲ್ಲಿ ಬ್ರಾಮ್ಲಿ ಎಂಬ ಹುಳಿ ಸೇಬು ಸಿಗುತ್ತದೆ. ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್ ಎಂಬ ಊರಿನಲ್ಲಿ 1809ರಲ್ಲಿ ಒಬ್ಬ ಹುಡುಗಿ ಊರಿದ ಬೀಜದಿಂದ ಎದ್ದ ಮರವೇ ಇವುಗಳಿಗೆಲ್ಲ ಮೂಲವಂತೆ. ಹಾಗೆಯೇ ಕಚ್ಚಿದರೆ ಹಲ್ಲು ಚಳಿತು ಹೋಗುತ್ತದೆ, ಆದರೆ ಬೆಂದರೆ ಮಾವಿನ ಸೀಕರಣೆಯಷ್ಟು ಮೆತ್ತಗಾಗುತ್ತದೆ. ಹೆಚ್ಚಿದ ಸೇಬನ್ನು ಬಟ್ಟಲಿನ ತಳಕ್ಕೆ ತುಂಬಿ, ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆ ಉಜ್ಜಿದ ಪುಡಿಯನ್ನು ಹರಡಿ ಬೇಯಿಸಿದರೆ ಮುಗಿಯಿತು. ಉಜ್ಜುವ ಹದವನ್ನು ನಿನಗೆ ಹೇಳಿಕೊಡಬೇಕಾಗಿಲ್ಲ, ಅದು ಕೋಡುಬಳೆ ಹಿಟ್ಟಿನದೇ ಹದ: ಮುಷ್ಟಿ ಹಿಡಿದರೆ ನಿಲ್ಲಬೇಕು, ತಟ್ಟಿದರೆ ಉದುರಬೇಕು. ನಾನು ಬೆರಳ ತುದಿಯಲ್ಲಿ ತಿಣುಕುತ್ತಿದ್ದಾಗ ಅತ್ತೆಯವರು ಬಟ್ಟಲನ್ನು ಕಸಿದುಕೊಂಡು ಎರಡು ನಿಮಿಷದಲ್ಲಿ ಮುಗಿಸಿದರು. ದಾವಣಗೆರೆಯವರಿಗೆ ಬೆಣ್ಣೆಯ ಕೆಲಸವನ್ನು ಇನ್ನೊಬ್ಬರು ಕಲಿಸುವಂತಿಲ್ಲ. ಇಲ್ಲಿಯ ಬೆಣ್ಣೆ ಮಾತ್ರ ಅವರಿಗೆ ಹಿಡಿಸಿಲ್ಲ. ಬಣ್ಣ ನೋಡಿದರೆ ಸೋಪು, ರುಚಿ ನೋಡಿದರೆ ಉಪ್ಪು ಎನ್ನುತ್ತಾರೆ. ಈಗ ಉಪ್ಪಿಲ್ಲದ್ದನ್ನೇ ತರುತ್ತೇನೆ.

ಕ್ರಂಬಲನ್ನು ಒಂದೇ ತಟ್ಟೆಯಲ್ಲಿ ಬೇಯಿಸಬೇಕೆಂಬ ಕಟ್ಟಳೆಯಿಲ್ಲ, ನನ್ನನ್ನು ಕಾಪಾಡಿದ್ದು ಅದೇ. ಐದು ಸಣ್ಣ ಬಟ್ಟಲುಗಳಲ್ಲಿ ಒಂದೇ ಸೇಬು, ಮೇಲಿನ ಪುಡಿ ಮಾತ್ರ ಬೇರೆ. ಬೀಗರ ಕೈಯಲ್ಲಿ ನೀನು ಕಳಿಸಿದ ಚಳ್ಳಕೆರೆಯ ಎರಡು ಕಿಲೋ ಶೇಂಗಾವನ್ನು ಹುರಿದು ಒರಟಾಗಿ ಕುಟ್ಟಿಟ್ಟಿದ್ದೇನೆ. ಸಿಹಿಯೆಂದರೆ ಮೂಗು ಮುರಿಯುವ ನಿನ್ನ ಅಳಿಯ ಅದನ್ನೂ ನಾಲ್ಕು ಹರಳು ಉಪ್ಪನ್ನೂ ಉದುರಿಸಿಕೊಟ್ಟರೆ ತಳ ಕಾಣುವವರೆಗೆ ತಿನ್ನುತ್ತಾರೆ. ಮಗಳ ಶಾಲೆಗೆ ಮಾತ್ರ ಶೇಂಗಾದ ಗಾಳಿಯೂ ಸೋಕುವಂತಿಲ್ಲ. ಕೆಲವು ಮಕ್ಕಳಿಗೆ ಅದು ಮೈಗಾಗದೆ ಉಸಿರೇ ಕಟ್ಟುವುದರಿಂದ ಡಬ್ಬಿಯಲ್ಲಿ ಕಾಯಿಬೀಜ ಏನೂ ಇರಬಾರದೆಂದು ಬರೆದೇ ಕಳಿಸಿದ್ದಾರೆ. ಶೇಂಗಾ ಹಾಕದ ಪುಡಿಯನ್ನು ಮೊದಲು ಉಜ್ಜಿ ಮುಗಿಸಿ, ಕೈ ತೊಳೆದು, ಆಮೇಲೆ ಶೇಂಗಾದ ಡಬ್ಬಿ ತೆಗೆಯುತ್ತೇನೆ. ಅತ್ತೆಯವರು ಇದನ್ನು ನೋಡಿ, ನನ್ನ ಮಡಿಯನ್ನೇ ದೊಡ್ಡದು ಅಂದುಕೊಂಡಿದ್ದೆ ಎಂದರು.

ಮಾವನವರ ವಿಷಯವೇ ಕಷ್ಟದ್ದು. ಸಕ್ಕರೆ ಬೇಡ ಎಂದರೆ ಬೆಲ್ಲ ಹಾಕು, ಬೆಲ್ಲ ಔಷಧಿ ಎನ್ನುತ್ತಾರೆ. ಬೆಲ್ಲವೂ ಕಬ್ಬಿನ ಸಕ್ಕರೆಯೇ, ರಕ್ತಕ್ಕೆ ಅದರ ಬಣ್ಣ ಗೊತ್ತಾಗುವುದಿಲ್ಲ ಎಂದು ಎಷ್ಟು ಹೇಳಿದರೂ ಒಪ್ಪುವುದಿಲ್ಲ. (ಅಪ್ಪಾಜಿಯವರಿಗೂ ಇದನ್ನು ಓದಿ ಹೇಳು.) ಅವರ ಬಟ್ಟಲಿಗೆ ಹುಳಿ ಸೇಬು ಅರ್ಧ, ತಿನ್ನುವ ಸಿಹಿ ಸೇಬು ಅರ್ಧ ಹಾಕಿ, ಮೇಲೆ ಮೈದಾದ ಬದಲು ಓಟ್ಸು ಹರಡಿ, ಸಕ್ಕರೆಯನ್ನು ಬಿಟ್ಟೇಬಿಡುತ್ತೇನೆ, ಬಟ್ಟಲೂ ಎಲ್ಲರದಕ್ಕಿಂತ ಚಿಕ್ಕದು. ಅದನ್ನು ಎಂದೂ ದೂರದೆ ತಿಂದು, ರಾತ್ರಿ ಮಾತ್ರೆಗೆ ನೀರು ತರುವ ನೆಪದಲ್ಲಿ ಅಡಿಗೆಮನೆಗೆ ಹೋಗಿ ಮೊಮ್ಮಗನ ಚಾಕೊಲೇಟ್ ಕೇಕಿನ ಅಂಚನ್ನು ಸವೆಸುತ್ತಿದ್ದರು. ಆ ಕೇಕನ್ನು ಈಗ ನನ್ನ ಕೋಣೆಯಲ್ಲಿಡುತ್ತೇನೆ.

ಕ್ರಂಬಲ್ ಮೇಲೆ ಸುರಿಯುವ ಕಸ್ಟರ್ಡಿನದು ಒಂದು ಸೋಜಿಗದ ಕಥೆ. ಬೇಸಿಗೆಯಲ್ಲಿ ನೀನು ಬಾಳೆಹಣ್ಣು, ದಾಳಿಂಬೆ ಹಾಕಿ ಮಾಡುತ್ತಿದ್ದ ಕಸ್ಟರ್ಡಿನ ಪುಡಿ ಹುಟ್ಟಿದ್ದು ಈ ಊರಿನಲ್ಲೇ. ನಿಜವಾದ ಇಂಗ್ಲಿಷ್ ಕಸ್ಟರ್ಡಿಗೆ ಮೊಟ್ಟೆಯೇ ಜೀವ. ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ಅಂಗಡಿಯವನ ಹೆಂಡತಿಗೆ ಮೊಟ್ಟೆ ಮೈಗಾಗುತ್ತಿರಲಿಲ್ಲವಾದ್ದರಿಂದ, ಆತ 1837ರಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಮೊಟ್ಟೆಯಿಲ್ಲದ ಪುಡಿಯನ್ನು ತಯಾರಿಸಿದನು. ಆಕೆಗೆ ಯೀಸ್ಟೂ ಆಗುತ್ತಿರಲಿಲ್ಲವೆಂದು ಕೆಲವು ವರ್ಷಗಳ ನಂತರ ಬೇಕಿಂಗ್ ಪೌಡರನ್ನೂ ತಯಾರಿಸಿದನು. ಡಿಗ್‌ಬೆತ್ ಎಂಬಲ್ಲಿರುವ ಅವರ ಹಳೆಯ ಕಾರ್ಖಾನೆಯಲ್ಲಿ ಈಗ ಅಂಗಡಿ, ಸ್ಟುಡಿಯೋಗಳಿವೆ. ಒಂದು ಶನಿವಾರ ಎಲ್ಲರನ್ನೂ ಕರೆದುಕೊಂಡು ಹೋಗಿ ಈ ಕಥೆ ಹೇಳಿದೆ. ಅತ್ತೆಯವರು ಕಟ್ಟಡವನ್ನು ತಲೆಯೆತ್ತಿ ನೋಡಿ, ‘ಹೆಂಡ್ತಿಗೆ ಆಗಲ್ಲ ಅಂತ ಗಂಡ ಇಷ್ಟೆಲ್ಲಾ ಮಾಡಿದ್ನೇನು? ನಮ್ಮನೆಯೋರು ಒಂದು ಲೋಟ ನೀರು ತಾವೇ ತಗಂಡು ಕುಡಿದಿದ್ದು ನಾ ಕಂಡಿಲ್ಲ’ ಎಂದರು. ಮಾವನವರು ಕೆಮ್ಮುತ್ತಾ ಮುಂದೆ ನಡೆದರು. ಅಂದಿನಿಂದ ಕಸ್ಟರ್ಡ್ ಕಾಯಿಸುವ ಕೆಲಸ ಮಾವನವರದು. ಪುಡಿಯನ್ನು ತಣ್ಣನೆಯ ಹಾಲಿನಲ್ಲಿ ಕದಡಿ, ಕುದಿಯುವ ಹಾಲಿಗೆ ಸುರಿದು, ಗಂಟಾಗದಂತೆ ಕೈಬಿಡದೆ ತಿರುವುತ್ತಾರೆ. ಆ ಹೊತ್ತಿನಲ್ಲಿ ಯಾರಾದರೂ ಮಾತನಾಡಿಸಿದರೆ ಉತ್ತರ ಕೊಡುವುದಿಲ್ಲ.

ಡಿಸೆಂಬರ್ ಮೊದಲ ವಾರ ಅವರಿಬ್ಬರೂ ಊರಿಗೆ ಹೊರಡುತ್ತಾರೆ. ಅವರ ಕೈಯಲ್ಲಿ ನಿಮಗೆ ಒಂದು ಡಬ್ಬಿ ಶಾರ್ಟ್‌ಬ್ರೆಡ್ ಕಳಿಸುತ್ತೇನೆ. ಮೂರು ಪಾಲು ಹಿಟ್ಟು, ಎರಡು ಪಾಲು ಬೆಣ್ಣೆ, ಒಂದು ಪಾಲು ಸಕ್ಕರೆ ತೂಗಿ ಕಲಸಿ, 160 ಡಿಗ್ರಿಯಲ್ಲಿ ಬಣ್ಣ ತಿರುಗುವ ಮುಂಚೆ ತೆಗೆದ ಬಿಸ್ಕತ್ತು ಅದು. ಮೊಟ್ಟೆಯಿಲ್ಲ, ನೀರೂ ಇಲ್ಲ, ಗಾಳಿಯಾಡದಂತೆ ಮುಚ್ಚಿಟ್ಟರೆ ಎರಡು ವಾರಕ್ಕೆ ಮೋಸವಿಲ್ಲ. ಮೇಲಿನ ಎರಡು ಸಾಲು ಜಾಜಿಕಾಯಿಯದು, ನಿನಗೆ. ಕಾಗದ ಹಾಸಿದ ಕೆಳಗಿನ ಸಾಲಿನಲ್ಲಿ ಸಕ್ಕರೆ ಬಿಟ್ಟು ಹಸಿಮೆಣಸಿನಕಾಯಿ, ಕರಿಬೇವು, ಜೀರಿಗೆ ಹಾಕಿದ ಖಾರದ ಬಿಸ್ಕತ್ತುಗಳಿವೆ, ಅವು ಅಪ್ಪಾಜಿಯವರಿಗೆ. ಡಬ್ಬಿಯನ್ನು ಮಾವನವರೇ ತಂದುಕೊಡುತ್ತಾರೆ. ಬಂದಾಗ ಕಾಫಿಗೆ ಸಕ್ಕರೆ ಹಾಕಬೇಡ, ಮೇಲಿನ ಸಾಲುಗಳನ್ನು ಅವರ ಎದುರಿಗೆ ತೆರೆಯಬೇಡ. ಕಳಿಸುವಾಗ ಎಣಿಸಿ ಇಪ್ಪತ್ತನಾಲ್ಕು ಇಟ್ಟಿರುತ್ತೇನೆ, ತಲುಪಿದಾಗ ಎಷ್ಟಿದ್ದವೆಂದು ಫೋನಿನಲ್ಲಿ ತಿಳಿಸು.

ಇತಿ,
ನಿನ್ನ ಮಗಳು